ಕಿರುಬೆರಳನ್ನು ಕೇಳಿ ನೋಡಿ

ದೇವನೂರಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಬೆಳಗಿನ ಜಾವ ಮೂರರ ಸುಮಾರಿಗೆ ಆ ಕಡೆಯಿಂದ ಬಳೆ ಸದ್ದು ಬರುತ್ತಿತ್ತು. ಯಾರೋ ಎದ್ದು ಕೂತು ಕೈ ಒದರುತ್ತಿದ್ದಾರೆ ಎಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಆ ಮನೆಯ ಅಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೇಳಿದರು: “ರಾತ್ರಿಯೆಲ್ಲ ಜೋಮು ಹಿಡೀತೈತೆ ಟೀಚರ್. ಈ ಕೈ ನನ್ನದೇ ಅಲ್ಲ ಅನ್ನಿಸ್ತೈತೆ. ಲಕ್ವ ಹೊಡೆಯೋಕೆ ಮುಂಚೆ ಹಿಂಗೇ ಆಗ್ತದಂತಲ್ಲ?”

ಲಕ್ವದ ಭಯವನ್ನು ನಗಾಡಿ ತಳ್ಳಿಹಾಕಬಾರದು. ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಬೇರೆ ಯೋಚನೆಯೇ ಬೇಡ, 108ಕ್ಕೆ ಫೋನ್ ಮಾಡಬೇಕು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಬಂದು, ಕೈ ಒದರಿದ ಕೂಡಲೇ ಬಿಟ್ಟುಹೋಗುವ ಜೋಮು ಬೇರೆ ಜಾತಿಯದು. ಯಾವ ಬೆರಳು ಎಂದು ಕೇಳಿದೆ. “ಎಲ್ಲಾ ಬೆರಳೂ” ಎಂದರು. ಎಲ್ಲರೂ ಮೊದಲು ಹೇಳುವುದು ಹಾಗೆಯೇ. “ಇವತ್ತು ರಾತ್ರಿ ಎಚ್ಚರವಾದಾಗ ಕೈ ಒದರಬೇಡಿ. ಒಂದು ಕಡ್ಡಿ ತಗೊಂಡು ಒಂದೊಂದೇ ಬೆರಳನ್ನು ಮುಟ್ಟಿ ನೋಡಿ” ಎಂದು ಹೇಳಿ ಕಳಿಸಿದೆ.

ಮರುದಿನ ಡೇರಿಗೆ ಹಾಲು ಹಾಕಿ ಬರುವಾಗ ಬಾಗಿಲಲ್ಲೇ ನಿಂತು ವರದಿ ಕೊಟ್ಟರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸತ್ತಂತಿದ್ದವು. ಕಿರುಬೆರಳಿಗೆ ಏನೂ ಆಗಿರಲಿಲ್ಲ. “ಆದ್ರೆ ಉಂಗುರದ ಬೆರಳು ಮಾತ್ರ ವಿಚಿತ್ರ ಟೀಚರ್. ನಡುಬೆರಳಿನ ಕಡೆ ಅರ್ಧ ಗೊತ್ತಾಗಕಿಲ್ಲ, ಕಿರುಬೆರಳಿನ ಕಡೆ ಅರ್ಧ ಗೊತ್ತಾಗ್ತೈತೆ.” ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಇಷ್ಟು ಚೊಕ್ಕವಾದ ಪ್ರಯೋಗದ ವರದಿಯನ್ನು ಯಾವ ವಿದ್ಯಾರ್ಥಿಯಿಂದಲೂ ಕೇಳಿರಲಿಲ್ಲ.

ಕೈಬೆರಳಿಗೆ ಸ್ಪರ್ಶ ತಿಳಿಸುವ ನರ ಒಂದೇ ಅಲ್ಲ. ಹೆಬ್ಬೆರಳಿನಿಂದ ಉಂಗುರದ ಬೆರಳಿನ ಅರ್ಧದವರೆಗೆ ಅಂಗೈ ಕಡೆಯ ಸ್ಪರ್ಶ ಮೀಡಿಯನ್ ನರದ ಪಾಲು. ಉಳಿದರ್ಧ ಮತ್ತು ಕಿರುಬೆರಳು ಅಲ್ನರ್ ನರದ ಪಾಲು. ಮೊಣಕೈಯ ಒಳಮೂಳೆ ಎಲ್ಲಿಗಾದರೂ ಬಡಿದಾಗ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಗುತ್ತದಲ್ಲ, ಆ ನರ. ಅಣ್ಣತಮ್ಮಂದಿರು ಬದು ಹಾಕಿ ಜಮೀನು ಹಂಚಿಕೊಂಡ ಹಾಗೆ ಉಂಗುರದ ಬೆರಳಿನ ನಟ್ಟನಡುವೆ ಇವೆರಡರ ಗಡಿ ಹಾದುಹೋಗಿದೆ. ಜೋಮು ಆ ಬದುವಿನಲ್ಲೇ ನಿಂತಿದ್ದರೆ ತೊಂದರೆ ಮೀಡಿಯನ್ ನರದ್ದು ಎಂದರ್ಥ. ಬಹುಪಾಲು ಜನರಲ್ಲಿ ಅದು ಸಿಕ್ಕಿಹಾಕಿಕೊಳ್ಳುವ ಜಾಗ ಮಣಿಕಟ್ಟು. ಈ ಕಾಯಿಲೆಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಹೆಸರು ಕೇಳಿ ಗಾಬರಿ ಬೇಡ. ಕಾರ್ಪಲ್ ಎಂದರೆ ಮಣಿಕಟ್ಟಿಗೆ ಸೇರಿದ್ದು, ಟನಲ್ ಎಂದರೆ ಸುರಂಗ.

ಸುರಂಗ ಎನ್ನುವುದಕ್ಕಿಂತ ಕೆರೆಯ ತೂಬು ಎಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಬಲ ಮುಂಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಆಡಿಸಿ ನೋಡಿ. ಮೊಣಕೈ ಹತ್ತಿರ ಮಾಂಸ ಕುಣಿಯುವುದು ತಿಳಿಯುತ್ತದೆ. ಬೆರಳು ಮಡಚುವ ಶಕ್ತಿ ಬಹುಪಾಲು ಬೆರಳಲ್ಲಿಲ್ಲ, ಅಷ್ಟು ದೂರದಲ್ಲಿದೆ. ಅಲ್ಲಿಂದ ಬೆರಳಿನವರೆಗೆ ಹಗ್ಗದಂಥ ಒಂಬತ್ತು ಸ್ನಾಯುರಜ್ಜುಗಳು ಹೋಗುತ್ತವೆ. ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಈ ಒಂಬತ್ತೂ ಹಗ್ಗ ಮತ್ತು ಮೀಡಿಯನ್ ನರ ಒಟ್ಟಿಗೆ ತೂರಿಹೋಗಬೇಕಾದ ತೂಬು ಮಣಿಕಟ್ಟಿನಲ್ಲಿದೆ. ಅದರ ತಳ ಮತ್ತು ಪಕ್ಕದ ಗೋಡೆ ಎಂಟು ಪುಟ್ಟ ಮೂಳೆಗಳಿಂದ ಆದದ್ದು. ಮೇಲ್ಚಾವಣಿ ಒಂದು ದಪ್ಪ ಪಟ್ಟಿ. ಮೂಳೆಯೂ ಹಿಗ್ಗುವುದಿಲ್ಲ, ಪಟ್ಟಿಯೂ ಹಿಗ್ಗುವುದಿಲ್ಲ. ಒಳಗೆ ಸ್ವಲ್ಪ ಬಾವು ಬಂದರೂ ಸಾಕು, ನರ ಅಮುಕಿಹೋಗುತ್ತದೆ. ಹಗ್ಗಗಳು ಗಟ್ಟಿ, ಅವು ತಡೆದುಕೊಳ್ಳುತ್ತವೆ.

ಎಷ್ಟು ಅಮುಕುತ್ತದೆ ಎಂದು ಅಳೆದು ನೋಡಿದವರೂ ಇದ್ದಾರೆ. ಬಿಪಿ ಅಳೆಯುವ ಅದೇ ಲೆಕ್ಕದಲ್ಲಿ, ಪಾದರಸದ ಮಿಲಿಮೀಟರಿನಲ್ಲಿ. 1981ರಲ್ಲಿ ಅಮೆರಿಕದ ಗೆಲ್ಬರ್‌ಮನ್ ಮತ್ತು ಅವರ ಸಂಗಡಿಗರು ತೂಬಿನೊಳಗೆ ಸಣ್ಣ ಕೊಳವೆ ಇಳಿಸಿದರು. ಆರೋಗ್ಯವಂತರ ಮಣಿಕಟ್ಟು ನೇರವಾಗಿದ್ದಾಗ ಒತ್ತಡ ಸರಾಸರಿ 2.5 ಇತ್ತು. ಈ ಕಾಯಿಲೆ ಇದ್ದವರಲ್ಲಿ 32. ಕಾಯಿಲೆ ಇದ್ದವರು ಮಣಿಕಟ್ಟನ್ನು ಪೂರ್ತಿ ಮಡಚಿದಾಗ 90 ದಾಟಿತು, ಹಿಂದಕ್ಕೆ ಬಗ್ಗಿಸಿದಾಗ ಅದಕ್ಕಿಂತಲೂ ಹೆಚ್ಚಾಯಿತು. ನಾನು ಹೇಳಬೇಕಾದ ಮುಖ್ಯ ಮಾತೆಲ್ಲ ಈ ಅಂಕಿಗಳಲ್ಲೇ ಇದೆ. ನೇರ ಇದ್ದರೆ ನರಕ್ಕೆ ಉಸಿರು, ಮಡಚಿದರೆ ಉರುಳು.

ಹಾಗಾದರೆ ಹಗಲೆಲ್ಲ ದುಡಿಯುವ ಕೈ ರಾತ್ರಿಯೇ ಏಕೆ ಗೋಳಾಡುತ್ತದೆ? ನೀವು ಮಲಗುವುದು ಹೇಗೆ, ನೆನಪಿಸಿಕೊಳ್ಳಿ. ಕೆನ್ನೆ ಕೆಳಗೆ ಕೈ ಮಡಚಿಕೊಂಡೋ, ಎದೆಗೆ ಮುದುರಿಕೊಂಡೋ ಮಲಗುತ್ತೇವೆ. ಹಗಲು ಕಾಲಿಗೆ ಇಳಿದಿದ್ದ ನೀರಿನಂಶ ಅಡ್ಡಾದಾಗ ಮೈಯೆಲ್ಲ ಹರಡಿಕೊಳ್ಳುತ್ತದೆ. ಹಗಲು ಬೆರಳಾಡಿಸುವಾಗ ಬಾವು ಇಳಿಯಲು ದಾರಿ ಇರುತ್ತಿತ್ತು, ನಿದ್ದೆಯಲ್ಲಿ ಅದೂ ಇಲ್ಲ. ಮೂರು ಗಂಟೆಗೆ ಎದ್ದು ಕೈ ಒದರುವುದು ಸಹಜವಾಗಿ ಕಂಡುಕೊಂಡ ಉಪಾಯ. ಅದನ್ನು ವೈದ್ಯರೂ ಒಂದು ಗುರುತಾಗಿ ಎಣಿಸುತ್ತಾರೆ.

ಮನೆಯಲ್ಲೇ ಮಾಡಿ ನೋಡಬಹುದಾದ ಇನ್ನೊಂದು ಪರೀಕ್ಷೆ ಇದೆ. ನಮಸ್ಕಾರ ಮಾಡುವಾಗ ಅಂಗೈ ಅಂಗೈ ಕೂಡುತ್ತವಲ್ಲ, ಅದನ್ನು ತಿರುವಿ ಹಾಕಿ. ಎರಡೂ ಕೈಗಳ ಬೆನ್ನು ಕೂಡಿಸಿ, ಬೆರಳು ಕೆಳಮುಖ ಮಾಡಿ, ಒಂದು ನಿಮಿಷ ಹಿಡಿಯಿರಿ. ಅಷ್ಟರೊಳಗೆ ಆ ಮೂರೂವರೆ ಬೆರಳಿನಲ್ಲಿ ಜುಮ್ಮೆಂದರೆ ಸಂಶಯ ಗಟ್ಟಿಯಾಗುತ್ತದೆ. ಕ್ಲೀವ್‌ಲೆಂಡ್‌ನ ಜಾರ್ಜ್ ಫೇಲನ್ ರೂಢಿಗೆ ತಂದ ಪರೀಕ್ಷೆ ಇದು. 1854ರಷ್ಟು ಹಿಂದೆಯೇ ಲಂಡನ್ನಿನ ಜೇಮ್ಸ್ ಪ್ಯಾಜೆಟ್, ಮಣಿಕಟ್ಟಿನ ಮೂಳೆ ಮುರಿದ ಮೇಲೆ ನರ ಅಮುಕಿಹೋದ ರೋಗಿಯ ಬಗ್ಗೆ ಬರೆದಿದ್ದರು. ಆದರೂ ಇದು ಸಾಮಾನ್ಯ ವೈದ್ಯರ ಕಣ್ಣಿಗೆ ಬೀಳುವಂತಾದದ್ದು 1950ರ ಬಳಿಕ ಫೇಲನ್ ಬರೆದ ಲೇಖನಗಳಿಂದ. ಪರೀಕ್ಷೆಯಲ್ಲಿ ಏನೂ ಆಗಲಿಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೇನೂ ಅಲ್ಲ, ಅದೂ ನೆನಪಿರಲಿ.

ಬೆರಳ ಲೆಕ್ಕ ತಪ್ಪಿದರೆ ಬೇರೆ ಕಡೆ ನೋಡಬೇಕು. ಕಿರುಬೆರಳೇ ಜೋಮು ಹಿಡಿದರೆ ಮೊಣಕೈ. ಕತ್ತಿನಿಂದ ಹೊರಟು ತೋಳಿಗೆ ಇಳಿಯುವ ನೋವಾದರೆ ಕತ್ತಿನ ಮೂಳೆ. ಎರಡೂ ಪಾದ ಮೊದಲು ಉರಿದು ಆಮೇಲೆ ಕೈಗೆ ಬಂದರೆ ಸಕ್ಕರೆ ಕಾಯಿಲೆ. ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಕುಷ್ಠದ ಪರೀಕ್ಷೆ ತಪ್ಪಿಸಬಾರದು. ನಮ್ಮ ದೇಶದಲ್ಲಿ ಅದು ಮುಗಿದ ಕಥೆಯಲ್ಲ, ಪೂರ್ತಿ ವಾಸಿಯಾಗುತ್ತದೆ, ಔಷಧಿಗೆ ಕಾಸೂ ಇಲ್ಲ. ಹೆಸರು ಕೇಳಿಯೇ ಮುಖ ತಿರುಗಿಸಿಕೊಳ್ಳುವವರಿಂದಾಗಿ ತಡವಾಗುತ್ತದೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಒಂದು ಬೇಸಿಗೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿ ಬಂದ ಮೇಲೆ ನನಗೂ ಇದೇ ಜೋಮು ಶುರುವಾಯಿತು. ತಿದ್ದಿದ್ದೇ ಹೆಚ್ಚಾಯಿತು ಎಂದುಕೊಂಡೆ. ಒಂದು ಕ್ಲಿನಿಕ್ಕಿನಲ್ಲಿ “ನರದ ವೀಕ್ನೆಸ್ಸು” ಎಂದು ಹತ್ತು ಬಿ-12 ಇಂಜೆಕ್ಷನ್ ಚುಚ್ಚಿದರು. ಜೋಮು ಜಗ್ಗಲಿಲ್ಲ. ಕೊನೆಗೆ ಇನ್ನೊಬ್ಬ ವೈದ್ಯರು ಕೈ ನೋಡುವುದಕ್ಕೂ ಮೊದಲು ನನ್ನ ಮುಖ ನೋಡಿದರು. ಕೂದಲು ಉದುರುತ್ತಿದೆಯಾ, ಚಳಿ ಜಾಸ್ತಿಯಾ, ತೂಕ ಏರಿದೆಯಾ ಎಂದು ಕೇಳಿ ರಕ್ತಪರೀಕ್ಷೆಗೆ ಬರೆದರು. ಥೈರಾಯ್ಡ್ ಕಡಿಮೆ ಇತ್ತು. ಬೆಳಿಗ್ಗೆ ಬರೀಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗಲು ಹಿಡಿದು ಕೆಲವು ತಿಂಗಳಾದ ಮೇಲೆ ಕೈ ನನ್ನದಾಯಿತು. ಅದಕ್ಕೇ ಯಾರಿಗೆ ಈ ಜೋಮು ಬಂದರೂ ಥೈರಾಯ್ಡ್ ಮತ್ತು ಸಕ್ಕರೆ ಎರಡನ್ನೂ ಒಮ್ಮೆ ನೋಡಿಸಿ ಎನ್ನುತ್ತೇನೆ. ಕೀಲುವಾತ, ಬೊಜ್ಜು, ಹಳೆಯ ಮಣಿಕಟ್ಟಿನ ಮುರಿತ ಇವೂ ತೂಬನ್ನು ಕಿರಿದು ಮಾಡುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಬಸುರಿಯರಲ್ಲಿ ಮೈಯಲ್ಲಿ ನೀರು ತುಂಬಿಕೊಳ್ಳುವುದರಿಂದ ಬರುತ್ತದೆ, ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಬಿ-12 ಕಡಿಮೆಯಿದ್ದವರಿಗೆ ಆ ಇಂಜೆಕ್ಷನ್ ಬೇಕಾಗಬಹುದು. ಆದರೆ ಅದು ತೂಬಿನ ಬಾಯಿ ಅಗಲಿಸುವುದಿಲ್ಲ.

ಇದನ್ನು ಕಂಪ್ಯೂಟರಿನವರ ಕಾಯಿಲೆ ಎಂದು ಪೇಪರಿನಲ್ಲಿ ಓದಿ, ನಮಗೇಕೆ ಬಂತು ಎಂದು ಕೇಳುವವರಿದ್ದಾರೆ. ಕೀಬೋರ್ಡಿನ ಮೇಲಿನ ಆರೋಪಕ್ಕೆ ಸಾಕ್ಷಿ ಅಷ್ಟು ಗಟ್ಟಿಯಿಲ್ಲ. ಬಲ ಹಾಕಿ ಹಿಡಿಯುವುದು, ಅದನ್ನೇ ಮತ್ತೆ ಮತ್ತೆ ಮಾಡುವುದು, ಮಣಿಕಟ್ಟು ಬಾಗಿರುವುದು, ನಡುಗುವ ಯಂತ್ರ ಹಿಡಿಯುವುದು, ಇವು ಸೇರಿದಾಗ ಅಪಾಯ ಹೆಚ್ಚು ಎನ್ನುವುದಕ್ಕೆ ಸಾಕ್ಷಿ ಸಾಕಷ್ಟಿದೆ. ಕಡೂರು, ತರೀಕೆರೆ, ಅಜ್ಜಂಪುರದ ಯಾವ ಊರಿಗೆ ಹೋದರೂ ಇವೆಲ್ಲ ಒಂದೇ ಮನೆಯಲ್ಲಿ ಸಿಗುತ್ತವೆ. ಅಡಿಕೆ ಸುಲಿಯುವವರಿಗೆ ಸುಲಿದಷ್ಟು ಕೂಲಿ, ಕೈ ನಿಲ್ಲಿಸಿದರೆ ದುಡ್ಡೂ ನಿಲ್ಲುತ್ತದೆ. ತೆಂಗಿನ ತೋಟದಲ್ಲಿ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ತಿರುವುವವರು, ಕಳೆ ಹೊಡೆಯುವ ಮೆಷಿನ್ನನ್ನು ಇಡೀ ದಿನ ಹಿಡಿಯುವ ಹುಡುಗರು, ಟೈಲರುಗಳು, ಎಲ್ಲರೂ ಈ ಸಾಲಿನವರೇ.

ಪಕ್ಕದ ಮನೆಯ ಅಕ್ಕನದು ಹಾಲಿನ ಕೈ. ಅಜ್ಜಂಪುರದ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ತಳಿಗೆ ಹೆಸರಿನಲ್ಲಿ ಅಮೃತವಿದ್ದರೂ ಹಾಲು ಕಡಿಮೆ, ಅದರ ಖ್ಯಾತಿ ಎತ್ತುಗಳ ದುಡಿಮೆಗೆ. ಅಂಥ ನಾಟಿ ಹಸು ಕರೆಯುತ್ತಿದ್ದ ಕಾಲದಲ್ಲಿ ಕೈಗೆ ಅಷ್ಟು ಕೆಲಸವಿರಲಿಲ್ಲ. ಈಗ ಕೊಟ್ಟಿಗೆಯಲ್ಲಿ ಹೆಚ್ಚು ಹಾಲು ಕೊಡುವ ಎಚ್‌ಎಫ್ ತಳಿಯ ಎರಡು ಹಸು, ಎರಡು ಹೊತ್ತು, ಕರೆಯುವುದು ಒಬ್ಬರೇ. ಅವರು ಕರೆಯುವುದನ್ನು ಕೂತು ನೋಡಿದೆ. ಹೆಬ್ಬೆರಳನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ಮೊಲೆ ಒತ್ತಿ ಕೆಳಕ್ಕೆ ಎಳೆಯುತ್ತಿದ್ದರು. ಪ್ರತಿ ಎಳೆತಕ್ಕೂ ಮಣಿಕಟ್ಟು ಒಳಕ್ಕೆ ಬಾಗುತ್ತಿತ್ತು. ಮೊಲೆಗೆ ಪೆಟ್ಟಾಗುತ್ತದೆಂದು ಪಶುವೈದ್ಯರು ಬೇಡವೆನ್ನುವ ವಿಧಾನವೂ ಇದೇ. ಇಡೀ ಅಂಗೈಯಲ್ಲಿ ಮೊಲೆ ಹಿಡಿದು, ತೋರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಕೆಳಕ್ಕೆ ಅದುಮುತ್ತ ಬಂದರೆ ಮಣಿಕಟ್ಟು ನೇರವಾಗಿ ನಿಲ್ಲುತ್ತದೆ. ತುದಿಗಾಲಲ್ಲಿ ಕೂರುವ ಬದಲು ಒಂದು ಗೇಣು ಎತ್ತರದ ಮಣೆ ಹಾಕಿಸಿದೆ. ಮೊಣಕೈ ಮೇಲೆದ್ದರೆ ಕೈ ತಾನೇ ನೆಟ್ಟಗಾಗುತ್ತದೆ. ಹಸು ಎರಡು ದಿನ ಕಾಲು ಒದರಿತು, ಆಮೇಲೆ ಸುಮ್ಮನಾಯಿತು. ಅಕ್ಕನಿಗೆ ಹಳೆ ರೂಢಿ ಬಿಡಲು ತಿಂಗಳೇ ಹಿಡಿಯಿತು.

ದೇವನೂರೆಂದರೆ ಜೈಮಿನಿ ಭಾರತದ ಲಕ್ಷ್ಮೀಶನ ಊರು. ಕಾವ್ಯದಲ್ಲಿ ಬರುವ ದೇವಪುರ ನಮ್ಮದೇ ಎಂದು ನಾವು, ಸುರಪುರ ಎಂದು ಆ ಕಡೆಯವರು. ಆ ಜಗಳ ಪಂಡಿತರಿಗಿರಲಿ. ನನಗೆ ಇಲ್ಲಿ ಬೇಕಾದದ್ದು ಓಲೆಗರಿ ಬರೆಯುತ್ತಿದ್ದವರ ಕೈ. ಕಂಠ, ಅಂದರೆ ಗರಿಯ ಮೇಲೆ ಕೊರೆದು ಬರೆಯುವ ಕಡ್ಡಿ, ಹಿಡಿದ ಕೈಯನ್ನು ಅವರು ಹೆಚ್ಚು ಓಡಿಸುತ್ತಿರಲಿಲ್ಲ, ಎಡ ಹೆಬ್ಬೆರಳಿನಿಂದ ಗರಿಯನ್ನೇ ತಳ್ಳುತ್ತಿದ್ದರು. ಕೈ ಬಾಗಿಸಿ ಕೆಲಸದ ಬಳಿ ಹೋಗುವ ಬದಲು ಕೆಲಸವನ್ನೇ ಕೈ ಬಳಿಗೆ ತಂದುಕೊಳ್ಳುವ ಜಾಣತನ ಅದು. ಮುದ್ದೆ ತಿರುವುವಾಗ ಪಾತ್ರೆಯನ್ನು ಕೆಳಗಿಟ್ಟು, ಕವೆಗೋಲಿನಿಂದ ಭದ್ರ ಮಾಡಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ಮೈಭಾರದಲ್ಲಿ ತಿರುವುವುದೂ ಅದೇ ಲೆಕ್ಕ. ಗ್ಯಾಸ್ ಕಟ್ಟೆಯ ಮೇಲೆ, ಎದೆ ಎತ್ತರದಲ್ಲಿ, ಒಂದೇ ಕೈಯಲ್ಲಿ ತಿರುವಿದರೆ ಮಣಿಕಟ್ಟೇ ಎಲ್ಲ ಭಾರ ಹೊರಬೇಕು. ಕುಡುಗೋಲು ಮೊಂಡಾದಷ್ಟೂ ಹಿಡಿತ ಬಿಗಿಯಾಗುತ್ತದೆ, ಆಗಾಗ ಸಾಣೆ ಹಿಡಿಸಿ. ಹಿಡಿ ಸಣ್ಣದಾಗಿದ್ದರೆ ಹಳೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿ. ಬಟ್ಟೆ ಹಿಂಡುವುದಕ್ಕಿಂತ ನೀರು ಸೋರಲು ತೂಗುಹಾಕಿ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಬೆರಳು ಬಿಚ್ಚಿ ಮಡಚಿ ಮಾಡಿ. ಮೊಬೈಲನ್ನು ಮಲಗಿಕೊಂಡು ಹಿಡಿಯುವ ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ, ನಾನು ಹೇಳಿ ಸೋತಿದ್ದೇನೆ.

ಇಷ್ಟೆಲ್ಲದರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ರಾತ್ರಿಯ ಪಟ್ಟಿಯನ್ನೇ ಆರಿಸುತ್ತೇನೆ. ಮಣಿಕಟ್ಟಿಗೆ ಕಟ್ಟುವ ಸ್ಪ್ಲಿಂಟ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಬಟ್ಟೆಯ ಪಟ್ಟಿ, ಅಂಗೈ ಕಡೆ ಒಳಗೆ ಒಂದು ಲೋಹದ ತಗಡು. ತಂದ ಕೂಡಲೇ ಕಟ್ಟಬೇಡಿ. ತಗಡನ್ನು ಹೊರಗೆಳೆದು ನೋಡಿ. ಎಷ್ಟೋ ಪಟ್ಟಿಗಳಲ್ಲಿ ಅದನ್ನು ಕೈ ಹಿಂದಕ್ಕೆ ಬಾಗುವಂತೆ ಬಗ್ಗಿಸಿರುತ್ತಾರೆ. ಗೆಲ್ಬರ್‌ಮನ್ ಅಂಕಿಗಳನ್ನು ನೆನೆಯಿರಿ, ಹಿಂದಕ್ಕೆ ಬಾಗಿದರೂ ಒತ್ತಡವೇ. ಮೊಣಕಾಲಿಗೆ ಒತ್ತಿ ತಗಡನ್ನು ನೇರ ಮಾಡಿ ಮತ್ತೆ ತೂರಿಸಿ. ಪಟ್ಟಿ ಅಂಗೈಯ ನಡುಗೆರೆಯ ಹತ್ತಿರ ಮುಗಿದು, ಬೆರಳುಗಳು ಪೂರ್ತಿ ಮಡಚಲು ಬರಬೇಕು. ಒಳಗೆ ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ. ಬಿಗಿದು ಕಟ್ಟಿದರೆ ಹೊರಗಿನಿಂದಲೇ ತೂಬು ಮುಚ್ಚಿದಂತೆ. ಬಳೆ ಬಿಚ್ಚಿಟ್ಟು ಮಲಗಿ. ಎರಡು ರಾತ್ರಿಗೆ ಫಲ ಕೇಳಬೇಡಿ, ಕಡಿಮೆಯೆಂದರೂ ಆರು ವಾರ ಕಟ್ಟಬೇಕು. ಪಟ್ಟಿ ಕೈಗೆ ಬರುವ ತನಕ ಹಳೆ ಟವಲನ್ನು ಮುಂಗೈಗೆ ಸುತ್ತಿ, ಮಣಿಕಟ್ಟು ಮಡಚದಂತೆ ಮಾಡಿಕೊಂಡರೂ ನಡೆಯುತ್ತದೆ.

ಬಿಸಿ ಶಾಖ ಕೊಡುವವರು ಹುಷಾರು. ಸ್ಪರ್ಶವಿಲ್ಲದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಅಕ್ಕನ ತೋರುಬೆರಳ ತುದಿಯಲ್ಲಿ ರೊಟ್ಟಿ ಹಂಚಿನ ಗುರುತು ಇನ್ನೂ ಇದೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದರಿಂದ ಈ ಜೋಮಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ, ಹೊಟ್ಟೆಗೂ ಕಿಡ್ನಿಗೂ ಕೆಡುಕು.

ಯೋಗ ಮಾಡಿದರೆ ಹೋಗುತ್ತದೆಯೇ ಎಂದು ಕೇಳುತ್ತಾರೆ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 42 ಜನರಲ್ಲಿ ಒಂದು ಗುಂಪಿಗೆ ಎಂಟು ವಾರ, ವಾರಕ್ಕೆ ಎರಡು ದಿನ ಯೋಗ ಹೇಳಿಕೊಟ್ಟರು. ಅವರ ಹಿಡಿತ ಬಲವಾಯಿತು, ನೋವು ತಗ್ಗಿತು. ಹೇಳಿಕೊಟ್ಟ ಪದ್ಧತಿ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರದ್ದು ಎನ್ನುವುದು ಹೆಮ್ಮೆಯ ಸಂಗತಿಯೇ. ಆದರೂ ಸಣ್ಣ ಅಧ್ಯಯನ, ನರದ ವೇಗದಲ್ಲಿ ಎದ್ದುಕಾಣುವ ವ್ಯತ್ಯಾಸವಾಗಲಿಲ್ಲ. ಪಟ್ಟಿಯ ಜೊತೆಗೆ ಮಾಡಿ, ಪಟ್ಟಿ ಬಿಟ್ಟು ಮಾಡಬೇಡಿ. ಅಂಗೈ ನೆಲಕ್ಕೂರಿ ಮೈಭಾರ ಬಿಡುವ ಆಸನಗಳು ಜೋಮಿದ್ದಾಗ ಬೇಡ.

ಆರು ವಾರಕ್ಕೂ ಬಗ್ಗದಿದ್ದರೆ, ಹಗಲೂ ಜೋಮು ಬಿಡದಿದ್ದರೆ, ಬ್ಲೌಸಿನ ಹುಕ್ಕು ಹಾಕಲು ಬರದೆ ಕೈಯಿಂದ ಲೋಟ ಜಾರುವಂತಾದರೆ ತಡ ಮಾಡಬಾರದು. ಹೆಬ್ಬೆರಳ ಬುಡದ ದಿಂಡನ್ನು ಎರಡೂ ಕೈಯಲ್ಲಿ ಹೋಲಿಸಿ ನೋಡಿ. ಒಂದು ಕಡೆ ಸೊರಗಿದ್ದರೆ ನರ ಬಹಳ ದಿನದಿಂದ ಅಮುಕಿದೆ ಎಂದರ್ಥ. ಹೋದ ಮಾಂಸ ಪೂರ್ತಿ ಮರಳದೇ ಇರಬಹುದು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆಂದು ಸಣ್ಣ ಕರೆಂಟು ಕೊಟ್ಟು ಅಳೆಯುವ ಪರೀಕ್ಷೆ ಬೇಕೆಂದರೆ ನರರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ಚುರುಗುಟ್ಟುತ್ತದೆ, ಅಷ್ಟೇ. ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಒಂದು ದಾರಿ. 2018ರಲ್ಲಿ ಇಂಗ್ಲೆಂಡಿನವರು ಅದನ್ನೂ ರಾತ್ರಿಯ ಪಟ್ಟಿಯನ್ನೂ ಹೋಲಿಸಿದಾಗ ಆರು ವಾರಕ್ಕೆ ಇಂಜೆಕ್ಷನ್ ಮುಂದಿತ್ತು, ಆರು ತಿಂಗಳಿಗೆ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಸಕ್ಕರೆ ಇದ್ದವರು ಆ ಮಾತನ್ನು ಮೊದಲೇ ಹೇಳಬೇಕು, ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ.

ಕೊನೆಯದು ಆಪರೇಷನ್. ಚಾವಣಿಯ ಪಟ್ಟಿಯನ್ನು ಉದ್ದಕ್ಕೆ ಸೀಳಿ ತೂಬಿಗೆ ಜಾಗ ಮಾಡಿಕೊಡುವುದು. ಸಾಮಾನ್ಯವಾಗಿ ಕೈಗೆ ಮಾತ್ರ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಅವತ್ತೇ ಮನೆಗೆ. ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ರಾತ್ರಿಯ ಜೋಮು ಬೇಗ ಹೋಗುತ್ತದೆ, ಹಿಡಿತದ ಬಲ ಬರಲು ಕೆಲವು ತಿಂಗಳು ಬೇಕು. ಎರಡೂ ಕೈಗಿದ್ದರೆ ಒಂದಾದ ಮೇಲೆ ಒಂದು. ಆ ವಾರಗಳಲ್ಲಿ ಹಾಲು ಯಾರು ಕರೆಯುತ್ತಾರೆ ಎನ್ನುವುದನ್ನು ದಿನ ಗೊತ್ತುಮಾಡುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ಗಂಡಸರಿಗೂ ಹಾಲು ಕರೆಯಲು ಬರುತ್ತದೆ ಎಂದು ನಾನು ಅಕ್ಕನ ಯಜಮಾನರ ಎದುರಿಗೇ ಹೇಳಿದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ.

ಅಕ್ಕನಿಗೆ ಸದ್ಯ ಅಷ್ಟು ದೂರ ಹೋಗಬೇಕಾಗಿಲ್ಲ. ಪಟ್ಟಿ ಕಟ್ಟಲು ಶುರುಮಾಡಿ ಎರಡು ತಿಂಗಳಾಯಿತು, ಬಲಗೈ ಮಟ್ಟಿಗೆ ನಿದ್ದೆ ಬರುತ್ತಿದೆ. ಆದರೆ ಅಷ್ಟು ದಿನ ಬಲಗೈ ಉಳಿಸಲು ಎಡಗೈಯಲ್ಲೇ ಹೆಚ್ಚು ಕರೆದದ್ದಕ್ಕೋ ಏನೋ, ಈಗ ಎಡಗಡೆಯ ನಡುಬೆರಳು ಜುಮ್ಮೆನ್ನಲು ಹಿಡಿದಿದೆ. ಎರಡೂ ಕೈಗೆ ಬರುವುದು ಈ ಕಾಯಿಲೆಯ ವಾಡಿಕೆಯೇ. ಕಡೂರಿಗೆ ಹೋಗುವ ಮಗನ ಕೈಲಿ ಇನ್ನೊಂದು ಪಟ್ಟಿ ತರಿಸಲು ಹೇಳಿದ್ದೇನೆ, ಎಡಗೈಯದು ಎಂದು ಚೀಟಿಯಲ್ಲಿ ಬರೆದುಕೊಟ್ಟು. ಹೇಳದಿದ್ದರೆ ಬಲಗೈಯದೇ ಕೊಟ್ಟು ಕಳಿಸುತ್ತಾರೆ, ತಗಡು ಕೈಯ ಬೆನ್ನಿಗೆ ಬಂದು ಕೂರುತ್ತದೆ.